ಗಣಕಜಾಲದ ವ್ಯಾಕರಣ

ವ್ಯಾಕರಣವನ್ನರಿಯದೆ ಅಲಂಕಾರಶಾಸ್ತ್ರಕ್ಕೆ ಕೈಯಿಕ್ಕಿದವನು ಕಾವ್ಯದ ಗುಣದೋಷಗಳನ್ನು ಹೇಳಬಲ್ಲನೆ? ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಕ್ಷರ, ಸಂಧಿಗಳನ್ನು ಮೊದಲು ನಿರೂಪಿಸಿ, ಆ ಬಳಿಕವೇ ನಾಮ, ಸಮಾಸಗಳಿಗೆ ಬಂದನು. ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ‘ಸೈಬರ್ ಭದ್ರತೆ’ಯನ್ನು ಕಲಿಯಬೇಕೆಂದು ಹಂಬಲಿಸುತ್ತಾರೆ. ಹಂಬಲವೇನೋ ಒಳ್ಳೆಯದೇ, ಆದರೆ ಆ ವಿದ್ಯೆಗೂ ಒಂದು ವ್ಯಾಕರಣವುಂಟು. ಗಣಕಯಂತ್ರಗಳು ಪರಸ್ಪರ ಮಾತನಾಡುವಾಗ ಪಾಲಿಸುವ ಕಟ್ಟುಪಾಡೇ ಆ ವ್ಯಾಕರಣ. ಅದಕ್ಕೆ ‘ಪ್ರೋಟೊಕಾಲ್’ ಎಂದು ಹೆಸರು.

ನಾಗರಹೊಳೆಯ ಕಾಡಂಚಿನ ವೀರನಹೊಸಹಳ್ಳಿಗೆ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ಎರಡು ದಶಕಗಳ ಹಿಂದೆಯೇ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರಿಗೆ ಹರಾಜಿನ ಹಣವು ಬ್ಯಾಂಕಿನ ಖಾತೆಗೇ ಬರುತ್ತದೆ. ಹೊಲದ ದಾಖಲೆಯೂ ದುಡಿಮೆಯ ಹಣವೂ ಜಾಲದೊಳಗಿರುವಾಗ ಅದರ ಕಾವಲನ್ನು ನಮ್ಮ ಮಕ್ಕಳೂ ಅರಿಯಬೇಡವೆ?

ಇಂದಿನ ಅಂತರಜಾಲಕ್ಕೆ ಆಧಾರವಾದ ಕಟ್ಟುಪಾಡನ್ನು ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ವಿದ್ವಾಂಸರು 1974ರಲ್ಲಿ ನಿರೂಪಿಸಿದರು. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಜಾಲವು ಅದನ್ನು ಅಂಗೀಕರಿಸಿತು. ಇದರಲ್ಲಿ ಎರಡು ಮುಖ್ಯ ಅಂಗಗಳಿವೆ. ‘ಐ.ಪಿ.’ ಎಂಬುದು ವಿಳಾಸವನ್ನು ನೋಡಿ ಸಂದೇಶದ ತುಣುಕುಗಳನ್ನು ಸಾಗಿಸುತ್ತದೆ. ‘ಟಿ.ಸಿ.ಪಿ.’ ಎಂಬುದು ಆ ತುಣುಕುಗಳನ್ನು ಕ್ರಮವಾಗಿ ಜೋಡಿಸಿ, ಕಳೆದುಹೋದುದನ್ನು ಮತ್ತೆ ತರಿಸುತ್ತದೆ. ಮಾತು ಆರಂಭವಾಗುವ ಮುನ್ನ ಮೂರು ಹೆಜ್ಜೆಗಳುಂಟು: ಒಂದು ಯಂತ್ರವು ‘ಬರಲೆ?’ ಎನ್ನುತ್ತದೆ; ಇನ್ನೊಂದು ‘ಬಾ, ಸ್ಥಳ ಕಾದಿರಿಸಿದ್ದೇನೆ’ ಎನ್ನುತ್ತದೆ; ಮೊದಲನೆಯದು ‘ಬಂದೆ’ ಎನ್ನುತ್ತದೆ.

ಈ ಮರ್ಯಾದೆಯಲ್ಲಿಯೇ ಕೇಡಿಗೂ ಎಡೆಯಿದೆ. ದಾಸೋಹದ ಪಂಕ್ತಿಯಲ್ಲಿ ನೂರು ಮಂದಿ ‘ಬರುತ್ತೇವೆ’ ಎಂದು ಎಲೆ ಹಾಕಿಸಿ ಬಾರದೇ ಹೋದರೆ, ನಿಜವಾಗಿ ಹಸಿದು ಬಂದವರಿಗೆ ಸ್ಥಳವೆಲ್ಲಿ? ವಂಚಕನು ಮೊದಲ ಮಾತನ್ನು ಸಾವಿರಾರು ಸಲ ಕಳುಹಿಸಿ, ಮೂರನೆಯದನ್ನು ಆಡದೆ ಉಳಿಯುತ್ತಾನೆ. 1996ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಅಂತರಜಾಲ ಸಂಸ್ಥೆಯ ಸೇವೆಯು ಇದೇ ಉಪಾಯದಿಂದ ಕುಂಠಿತವಾಯಿತು. ಮೂರು ಹೆಜ್ಜೆಗಳನ್ನು ಅರಿಯದವನಿಗೆ ಈ ಕೇಡಿನ ಹೆಸರು ಬಾಯಿಪಾಠವಾಗಬಹುದು, ಪರಿಹಾರ ಹೊಳೆಯದು.

ಮಿಂಚಂಚೆಯ ಸಂಗತಿಯೂ ಹೀಗೆಯೇ. 1982ರ ಅದರ ಕಟ್ಟುಪಾಡು, ಕಳುಹಿಸಿದವನು ಬರೆದ ಹೆಸರನ್ನು ಪರೀಕ್ಷಿಸದೆ ನಂಬುತ್ತಿತ್ತು. ಅಂಚೆಯ ಕಾಗದದ ಹಿಂಬದಿಯಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಷ್ಟೆ! ಪರೀಕ್ಷೆಯ ನಿಯಮಗಳು ಕೂಡಿಕೊಂಡುದು ಆಮೇಲೆ. ಜಾಲತಾಣದ ವಿಳಾಸದ ಬಳಿ ಕಾಣುವ ಬೀಗದ ಗುರುತನ್ನೂ ಹಲವರು ತಪ್ಪಾಗಿ ತಿಳಿದಿದ್ದಾರೆ. ಮಾತು ಗುಟ್ಟಾಗಿ ಸಾಗುತ್ತಿದೆ, ಆ ವಿಳಾಸದ ತಾಣದೊಡನೆಯೇ ನಡೆದಿದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ತಾಣದ ಒಡೆಯನು ಸಜ್ಜನನೆಂಬುದಕ್ಕಲ್ಲ. ಬ್ಯಾಂಕಿನ ಹೆಸರನ್ನು ಹೋಲುವ ಹೆಸರಿಟ್ಟುಕೊಂಡ ಕಳ್ಳನ ತಾಣಕ್ಕೂ ಬೀಗವಿರಬಹುದು. ಇಷ್ಟನ್ನು ತಿಳಿದ ಬಾಲಕನೊಬ್ಬನು ಮನೆಯಲ್ಲಿದ್ದರೆ ತಂದೆಯ ವರ್ಷದ ಗಳಿಕೆ ಉಳಿದೀತು.

ಇದನ್ನು ಕಲಿಸಲು ಹೆಚ್ಚಿನ ವೆಚ್ಚವೇನೂ ಬೇಡ. ನಾಲ್ಕಾರು ಹಳೆಯ ಗಣಕಯಂತ್ರಗಳು, ಅವನ್ನು ಕೂಡಿಸುವ ಒಂದು ‘ಸ್ವಿಚ್’, ಕೆಲವು ತಂತಿಗಳು ಸಾಕು. ಜಾಲದ ಸಂಚಾರವನ್ನು ಕಣ್ಣಿಗೆ ಕಾಣಿಸುವ ‘ವೈರ್‌ಶಾರ್ಕ್’ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಆದರೆ ಅಭ್ಯಾಸವು ಶಾಲೆಯ ಜಾಲದೊಳಗೇ ನಡೆಯತಕ್ಕದ್ದು. ಪರರ ಯಂತ್ರದೊಳಕ್ಕೆ ಅಪ್ಪಣೆಯಿಲ್ಲದೆ ವಂಚನೆಯಿಂದ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ದಂಡನೀಯವೆಂಬುದನ್ನು ಮೊದಲ ದಿನವೇ ಬೋಧಿಸಬೇಕು.

ಉಪಾಧ್ಯಾಯರು ಈ ಕ್ರಮವನ್ನು ಮನಗಾಣಲಿ. ಬೆಂಗಳೂರು, ಮೈಸೂರುಗಳಲ್ಲಿ ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಒಂದು ವಾರ ಬಂದು ಪಾಠ ಹೇಳಲಿ. ದಾನಿಗಳು ಹಳೆಯ ಯಂತ್ರಗಳನ್ನಾದರೂ ಒದಗಿಸಲಿ. ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದ ಮಠದ ಪರಂಪರೆಗೆ ಇದು ಹೊಸತೇನೂ ಅಲ್ಲ.