ಡ್ರೈವರ್‌ನ ಮೇಲಿನ ಸುಳ್ಳು ಆರೋಪ

ಸರ್ವರ್‌ನಲ್ಲಿ ಫೈಲುಗಳ ನಕಲು ಆಮೆನಡಿಗೆಗೆ ಇಳಿದೊಡನೆ ಬಹುತೇಕ ಕಚೇರಿಗಳಲ್ಲಿ ಕೇಳಿಬರುವ ತೀರ್ಪು ಒಂದೇ: ರೇಡ್ ಕಂಟ್ರೋಲರ್‌ನ ಡ್ರೈವರ್ ಹಳೆಯದಾಗಿದೆ, ಹೊಸದನ್ನು ಹಾಕಿದರೆ ವೇಗ ಮರಳುತ್ತದೆ. ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ನೋಡಿಕೊಳ್ಳುವ ಏರ್ಪಾಡಿಗೆ ರೇಡ್ ಎಂದೂ, ಅದನ್ನು ನಿರ್ವಹಿಸುವ ಪ್ರತ್ಯೇಕ ಕಾರ್ಡಿಗೆ ಕಂಟ್ರೋಲರ್ ಎಂದೂ, ಆ ಕಾರ್ಡಿನೊಡನೆ ವ್ಯವಹರಿಸಲು ಆಪರೇಟಿಂಗ್ ಸಿಸ್ಟಮ್ ಬಳಸುವ ಪ್ರೋಗ್ರಾಮಿಗೆ ಡ್ರೈವರ್ ಎಂದೂ ಹೆಸರು. ಈ ಮೂರರಲ್ಲಿ ಬದಲಿಸಲು ಅತ್ಯಂತ ಸುಲಭವಾದದ್ದು ಡ್ರೈವರ್ ಆಗಿರುವುದೇ ಅದರ ಮೇಲೆ ಆರೋಪ ಬೀಳಲು ಮುಖ್ಯ ಕಾರಣ. ತಾಂತ್ರಿಕ ಕಾರಣವಂತೂ ಹೆಚ್ಚೇನೂ ಇಲ್ಲ.

ಡ್ರೈವರ್ ಮಾಡುವ ಕೆಲಸವೇನು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ನಂಬಿಕೆ ಎಷ್ಟು ಟೊಳ್ಳೆಂಬುದು ತಿಳಿಯುತ್ತದೆ. ಓದುವ ಮತ್ತು ಬರೆಯುವ ಆದೇಶಗಳನ್ನು ಅದು ಕಾರ್ಡಿನ ಸರದಿಗೆ ಸೇರಿಸುತ್ತದೆ ಮತ್ತು ಕೆಲಸ ಮುಗಿದಾಗ ಬಂದ ಉತ್ತರವನ್ನು ಹಿಂದಿರುಗಿಸುತ್ತದೆ. ಪ್ರತಿ ಆದೇಶಕ್ಕೆ ತಗಲುವ ಈ ವೆಚ್ಚ ಮೈಕ್ರೊಸೆಕೆಂಡುಗಳ ಮಟ್ಟದ್ದು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.33 ಮಿಲಿಸೆಕೆಂಡು ತೆಗೆದುಕೊಳ್ಳುವುದರಿಂದ, ಬೇಕಾದ ಜಾಗ ಓದುಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕಾಗುತ್ತದೆ. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ 8 ಮಿಲಿಸೆಕೆಂಡಿನಷ್ಟು ಬೇಕು. ಹೀಗೆ ಚದುರಿದ ಕೆಲಸಗಳಾದರೆ ಇಂಥ ಡಿಸ್ಕ್ ಸೆಕೆಂಡಿಗೆ ಸುಮಾರು 80ನ್ನು ಮಾತ್ರ ಮುಗಿಸಬಲ್ಲದು. ಮಿಲಿಸೆಕೆಂಡು ಎಂದರೆ ಸಾವಿರ ಮೈಕ್ರೊಸೆಕೆಂಡು ಎಂಬುದನ್ನು ನೆನೆದರೆ, ಡ್ರೈವರ್ ಎಷ್ಟೇ ಚುರುಕಾದರೂ ಈ ಕಾಯುವಿಕೆಯಲ್ಲಿ ಅದು ಉಳಿಸಬಹುದಾದ ಸಮಯ ನಗಣ್ಯ.

ನಿಜವಾದ ಅಪರಾಧಿ ಬಹಳ ಸಲ ಕಾರ್ಡಿಗೆ ಅಂಟಿಕೊಂಡಿರುವ ಪುಟ್ಟ ಬ್ಯಾಟರಿಯಾಗಿರುತ್ತದೆ. ಉತ್ತಮ ಕಂಟ್ರೋಲರ್‌ಗಳಲ್ಲಿ ತಾತ್ಕಾಲಿಕ ಸ್ಮೃತಿ, ಅಂದರೆ ಕ್ಯಾಶ್ ಇರುತ್ತದೆ. ಬರೆಯಬೇಕಾದ ದತ್ತಾಂಶ ಅಲ್ಲಿಗೆ ತಲುಪಿದೊಡನೆ ‘ಬರೆದಾಯಿತು’ ಎಂದು ಉತ್ತರಿಸಿ, ಡಿಸ್ಕ್‌ಗೆ ಇಳಿಸುವ ಕೆಲಸವನ್ನು ಅನುಕೂಲಕರ ಕ್ರಮದಲ್ಲಿ ಆಮೇಲೆ ಮಾಡುವ ವಿಧಾನಕ್ಕೆ ರೈಟ್‌ಬ್ಯಾಕ್ ಎನ್ನುತ್ತಾರೆ, ಡಿಸ್ಕ್‌ನಲ್ಲಿ ಬರೆದು ಮುಗಿಯುವವರೆಗೂ ಉತ್ತರ ಕೊಡದ ವಿಧಾನಕ್ಕೆ ರೈಟ್‌ಥ್ರೂ ಎನ್ನುತ್ತಾರೆ. ಕರೆಂಟು ಹೋದಾಗ ಕ್ಯಾಶ್‌ನಲ್ಲಿ ಉಳಿದದ್ದು ಅಳಿಯದಂತೆ ಕಾಯುವುದು ಬ್ಯಾಟರಿಯ ಕೆಲಸ. ಆ ಬ್ಯಾಟರಿ ಕೆಟ್ಟರೆ ಅಥವಾ ಬರಿದಾದರೆ ಕಂಟ್ರೋಲರ್, ಅದಕ್ಕೆ ಬೇರೆ ಆಜ್ಞೆ ಇಲ್ಲದಿದ್ದಲ್ಲಿ, ಯಾರನ್ನೂ ಕೇಳದೆ ರೈಟ್‌ಥ್ರೂಗೆ ಇಳಿಯುತ್ತದೆ. ಇದು ದೋಷವಲ್ಲ, ಎಚ್ಚರಿಕೆ.

ಈ ಇಳಿತದ ಬೆಲೆಯನ್ನು ಕಾಗದದ ಮೇಲೆಯೇ ಕಾಣಬಹುದು. ರೇಡ್ 5 ವ್ಯವಸ್ಥೆಯಲ್ಲಿ, ಕಳೆದುಹೋದ ದತ್ತಾಂಶವನ್ನು ಮರಳಿ ಲೆಕ್ಕಹಾಕಲು ನೆರವಾಗುವ ಪ್ಯಾರಿಟಿ ಎಂಬ ಹೆಚ್ಚುವರಿ ಮಾಹಿತಿ ಇರುವುದರಿಂದ, ಒಂದು ಸಣ್ಣ ಬರಹಕ್ಕೂ ಹಳೆಯ ದತ್ತಾಂಶವನ್ನು ಓದುವುದು, ಹಳೆಯ ಪ್ಯಾರಿಟಿಯನ್ನು ಓದುವುದು, ಎರಡನ್ನೂ ಹೊಸದಾಗಿ ಬರೆಯುವುದು ಎಂಬ ನಾಲ್ಕು ಕೆಲಸಗಳು ಬೇಕಾಗುತ್ತವೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ರೇಡ್‌ನ ಕಲ್ಪನೆಯನ್ನು ಮುಂದಿಟ್ಟ ಪ್ರಬಂಧದಲ್ಲೇ ಈ ಲೆಕ್ಕವನ್ನು ಒಪ್ಪಿಕೊಂಡಿದ್ದಾರೆ. ಮೇಲೆ ಹೇಳಿದಂಥ ನಾಲ್ಕು ಡಿಸ್ಕ್‌ಗಳು ಒಟ್ಟಾಗಿ ಸೆಕೆಂಡಿಗೆ 320 ಕೆಲಸಗಳನ್ನು ಮಾಡಬಲ್ಲವಾದ್ದರಿಂದ, ನಾಲ್ಕರಿಂದ ಭಾಗಿಸಿದರೆ ಉಳಿಯುವುದು 80 ಬರಹಗಳು. ಒಂದೊಂದೂ 4 ಕೆಬಿಯದಾದರೆ ಸೆಕೆಂಡಿಗೆ 320 ಕೆಬಿ. ರೈಟ್‌ಬ್ಯಾಕ್ ಇರುವಾಗ ಅಕ್ಕಪಕ್ಕದ ಬರಹಗಳನ್ನು ಕ್ಯಾಶ್ ಒಟ್ಟುಗೂಡಿಸಿ ಈ ಹೊರೆಯನ್ನು ಬಹಳಷ್ಟು ತಗ್ಗಿಸುತ್ತದೆ. ಅದು ಹೋದೊಡನೆ ಹೊರೆಯೆಲ್ಲ ಬಳಕೆದಾರನ ತಲೆಯ ಮೇಲೆ ಬೀಳುತ್ತದೆ. ಇಂಥ ಸರ್ವರ್‌ನಲ್ಲಿ ಓದುವ ವೇಗ ಕುಗ್ಗದೆ ಬರೆಯುವ ವೇಗ ಮಾತ್ರ ಕುಸಿದಿರುವುದು ಈ ರೋಗದ ಸ್ಪಷ್ಟ ಲಕ್ಷಣವಾಗಿದ್ದರೂ, ಅದನ್ನು ಪ್ರತ್ಯೇಕವಾಗಿ ಅಳೆದು ನೋಡುವ ತಾಳ್ಮೆ ಡ್ರೈವರ್ ಹುಡುಕುತ್ತ ಕುಳಿತವರಿಗೆ ಇರುವುದಿಲ್ಲ.

ಹಾಗಾದರೆ ಹೊಸ ಡ್ರೈವರ್ ಹಾಕಿದ ಮೇಲೆ ವೇಗ ಹೆಚ್ಚಿತೆಂದು ಹೇಳುವವರೆಲ್ಲ ಸುಳ್ಳಾಡುತ್ತಿದ್ದಾರೆಯೆ? ಇಲ್ಲ, ಅವರು ಕಂಡದ್ದು ನಿಜ, ಕಟ್ಟಿದ ಕಾರಣ ಮಾತ್ರ ತಪ್ಪು. ಬ್ಯಾಟರಿಯ ಸಾಮರ್ಥ್ಯವನ್ನು ಅಳೆಯಲು ಅದನ್ನು ಆಗಾಗ ತಾನೇ ಬರಿದುಮಾಡಿ ಮತ್ತೆ ತುಂಬಿಸುವ ಕ್ರಮ ಕಂಟ್ರೋಲರ್‌ಗಳಲ್ಲಿದ್ದು, ಇದಕ್ಕೆ ಲರ್ನ್ ಸೈಕಲ್ ಎಂದು ಹೆಸರು. ಡೆಲ್‌ನ ಹಲವು ಹಳೆಯ ಪರ್ಕ್ ಕಾರ್ಡ್‌ಗಳಲ್ಲಿ ಇದು ಸುಮಾರು 90 ದಿನಗಳಿಗೊಮ್ಮೆ ನಡೆಯುತ್ತದೆ. ಅದು ಮುಗಿಯುವವರೆಗಿನ ಕೆಲವು ಗಂಟೆಗಳ ಕಾಲ ಕಾರ್ಡ್ ರೈಟ್‌ಥ್ರೂನಲ್ಲಿರಬಹುದು. ಬೆಳಿಗ್ಗೆ ದೂರು ಬಂದು, ಮಧ್ಯಾಹ್ನ ಡ್ರೈವರ್ ಬದಲಾಗಿ, ಸಂಜೆಗೆ ಬ್ಯಾಟರಿ ತುಂಬಿ ವೇಗ ಮರಳಿದರೆ ಶ್ರೇಯಸ್ಸು ಯಾರಿಗೆ ಸಲ್ಲುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಕೆಟ್ಟ ಡಿಸ್ಕ್ ಬದಲಿಸಿದ ಬಳಿಕ ನಡೆಯುವ ಮರುನಿರ್ಮಾಣ, ದತ್ತಾಂಶ ಮತ್ತು ಪ್ಯಾರಿಟಿ ತಾಳೆಯಾಗುತ್ತವೆಯೇ ಎಂದು ನೋಡುವ ಪರಿಶೀಲನೆ ಮೊದಲಾದ ಹಿನ್ನೆಲೆಯ ಕೆಲಸಗಳೂ ತಮ್ಮಷ್ಟಕ್ಕೆ ಮುಗಿದು ಇದೇ ಭ್ರಮೆಯನ್ನು ಹುಟ್ಟಿಸುತ್ತವೆ. ಜ್ವರ ಇಳಿಯುವ ದಿನವೇ ಕಟ್ಟಿದ ತಾಯಿತಕ್ಕೆ ಸಿಗುವ ಕೀರ್ತಿ ಇಂಥದ್ದೇ.

ಪರೀಕ್ಷಿಸುವ ಮಾರ್ಗ ಕಷ್ಟದ್ದಲ್ಲ. ಮೆಗಾರೇಡ್ ಕಾರ್ಡ್‌ಗಳಿಗೆ ಸ್ಟೋರ್‌ಸಿಎಲ್‌ಐ, ಡೆಲ್‌ನವಕ್ಕೆ ಪರ್ಕ್‌ಸಿಎಲ್‌ಐ ಎಂಬ ಸಾಧನಗಳಿದ್ದು, ಕ್ಯಾಶ್‌ನ ನೀತಿಯನ್ನೂ ಬ್ಯಾಟರಿಯ ಸ್ಥಿತಿಯನ್ನೂ ಅವು ತಿಳಿಸುತ್ತವೆ. ಇಲ್ಲಿ ಎಡವುವವರೂ ಉಂಟು: ನಿಗದಿಪಡಿಸಿದ ನೀತಿ ರೈಟ್‌ಬ್ಯಾಕ್ ಎಂದಿದ್ದರೂ ಸದ್ಯ ಜಾರಿಯಲ್ಲಿರುವುದು ರೈಟ್‌ಥ್ರೂ ಆಗಿರಬಹುದು, ಮತ್ತು ಮೊದಲನೆಯದನ್ನಷ್ಟೇ ಓದಿ ‘ಎಲ್ಲ ಸರಿಯಿದೆ’ ಎಂದವರು ಮತ್ತೆ ಡ್ರೈವರ್‌ನ ಬೆನ್ನು ಹತ್ತುತ್ತಾರೆ. ಇನ್ನು ಕೆಲವರು ಬ್ಯಾಟರಿ ಇಲ್ಲದೆಯೂ ರೈಟ್‌ಬ್ಯಾಕ್ ಜಾರಿಯಲ್ಲಿರುವಂತೆ ಬಲವಂತ ಮಾಡಿ, ಯುಪಿಎಸ್ ಇದೆಯಲ್ಲ ಎಂದು ನೆಮ್ಮದಿಯಿಂದಿರುತ್ತಾರೆ. ಸರ್ವರ್‌ನ ಒಳಗಿನ ಪವರ್ ಸಪ್ಲೈ ಸುಟ್ಟರೆ ಅಥವಾ ಯಾರೋ ತಪ್ಪು ತಂತಿ ಕಿತ್ತರೆ ಹೊರಗಿನ ಯುಪಿಎಸ್ ಏನನ್ನೂ ಉಳಿಸಲಾರದು; ಕ್ಯಾಶ್‌ನಲ್ಲಿದ್ದ, ಬರೆದಾಯಿತೆಂದು ಈಗಾಗಲೇ ಮಾತು ಕೊಟ್ಟ ದತ್ತಾಂಶ ಹೋದದ್ದೇ.

ಇತರ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಸೆಕೆಂಡಿಗೆ 1 ಗಿಗಾಬಿಟ್‌ನ ಜಾಲದಲ್ಲಿ ಸೆಕೆಂಡಿಗೆ 110 ಎಂಬಿಯ ಆಸುಪಾಸಿನಲ್ಲಿ ನಿಂತ ನಕಲು ನಿಧಾನವಲ್ಲ, ಅದು ಜಾಲದ ಮಿತಿ. 11 ಎಂಬಿಯಲ್ಲಿ ನಿಂತಿದ್ದರೆ ಕೇಬಲ್ಲಿನ ಒಂದು ಜೋಡಿ ತಂತಿ ಕೆಟ್ಟು ಜಾಲ 100 ಮೆಗಾಬಿಟ್‌ಗೆ ಇಳಿದಿದೆಯೇ ಎಂದು ಮೊದಲು ನೋಡಬೇಕು. ನಕಲು ಆರಂಭದಲ್ಲಿ ಓಡಿ ಆಮೇಲೆ ಕುಂಟುವುದು ಸಾಮಾನ್ಯವಾಗಿ ಸ್ಮೃತಿ ತುಂಬಿ ಡಿಸ್ಕ್‌ನ ನಿಜವಾದ ವೇಗ ಹೊರಬಿದ್ದದ್ದರ ಗುರುತು. ಡಿಸ್ಕ್‌ಗಳೆಲ್ಲ ಒಂದೇ ಎಂಬ ನಂಬಿಕೆಗೆ, ಪಥಗಳನ್ನು ಒಂದರ ಮೇಲೊಂದು ಹೊದಿಸುವುದರಿಂದ ಮರುಬರಹಕ್ಕೆ ತಡವಾಗುವ ಎಸ್‌ಎಂಆರ್ ತಂತ್ರ ತನ್ನ ಕೆಲವು ರೆಡ್ ಮಾದರಿಗಳಲ್ಲಿದೆಯೆಂದು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡದ್ದೇ ಸಾಕಷ್ಟು ಉತ್ತರ. ರೇಡ್ ಇದ್ದರೆ ಬ್ಯಾಕಪ್ ಬೇಡ ಎಂಬವರಿಗೆ, ಅಳಿಸಿದ ಫೈಲನ್ನು ರೇಡ್ ಎಲ್ಲ ಡಿಸ್ಕ್‌ಗಳಿಂದಲೂ ನಿಷ್ಠೆಯಿಂದ ಅಳಿಸುತ್ತದೆ ಎಂದಷ್ಟೇ ತಿಳಿಸಬೇಕು.

ಡ್ರೈವರ್ ಎಂದಿಗೂ ನಿರಪರಾಧಿ ಎಂದು ಇದರ ಅರ್ಥವಲ್ಲ; ಕಂಟ್ರೋಲರ್ ಮತ್ತೆ ಮತ್ತೆ ರೀಸೆಟ್ ಆಗುತ್ತಿರುವುದು ಸಿಸ್ಟಮ್ ಲಾಗ್‌ನಲ್ಲಿ ಕಂಡರೆ ಕಾರ್ಡಿನೊಳಗೇ ಇರುವ ಪ್ರೋಗ್ರಾಮಾದ ಫರ್ಮ್‌ವೇರ್ ಮತ್ತು ಡ್ರೈವರ್‌ಗಳ ಹೊಂದಾಣಿಕೆಯನ್ನು ವಿಚಾರಿಸಲೇಬೇಕು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಕೆಲವು ಹಳೆಯ ಕಂಟ್ರೋಲರ್‌ಗಳ ಬೆಂಬಲವನ್ನು ಕೈಬಿಟ್ಟಾಗ ಅಂಥ ಸರ್ವರ್‌ಗಳಲ್ಲಿ ಡಿಸ್ಕ್ ನಿಧಾನವಾಗಲಿಲ್ಲ, ಕಾಣಿಸಲೇ ಇಲ್ಲ ಎಂಬುದು ಗಮನಾರ್ಹ. ಡ್ರೈವರ್‌ನ ದೋಷ ಹೆಚ್ಚಾಗಿ ಹೀಗೆ ಎದ್ದು ಕಾಣುವಂಥದ್ದು.

ಆದರೂ ‘ನಿಮ್ಮ ಗಣಕದಲ್ಲಿ ಇಷ್ಟು ಡ್ರೈವರ್‌ಗಳು ಹಳೆಯವಾಗಿವೆ’ ಎಂದು ಕೆಂಪು ಅಕ್ಷರಗಳಲ್ಲಿ ಹೆದರಿಸಿ ಹಣ ಕೀಳುವ ಪ್ರೋಗ್ರಾಮುಗಳಿಗೆ ಗಿರಾಕಿಗಳ ಕೊರತೆಯಿಲ್ಲ, ಏಕೆಂದರೆ ಹೊಸದೆಂದರೆ ವೇಗದ್ದು ಎಂಬ ನಂಬಿಕೆಗೆ ಪುರಾವೆ ಕೇಳುವ ಅಭ್ಯಾಸ ಇಂಜಿನಿಯರಿಂಗ್ ಓದಿದವರಲ್ಲೂ ಬೆಳೆದಿಲ್ಲ. ಜಾಲವನ್ನು ಐಪರ್ಫ್‌ನಿಂದ, ಡಿಸ್ಕನ್ನು ಸರ್ವರ್‌ನ ಒಳಗಿನಿಂದಲೇ ಎಫ್‌ಐಒ ಅಥವಾ ಡಿಸ್ಕ್‌ಎಸ್‌ಪಿಡಿಯಿಂದ ಬೇರೆ ಬೇರೆಯಾಗಿ ಅಳೆಯಲು ಒಂದು ಗಂಟೆಯೂ ಬೇಡ. ಈ ಮೂರೂ ಉಚಿತವಾಗಿ ಸಿಗುತ್ತವೆ.