ಮರ ಅಂತ ಅಚ್ಚಾಗೇತಿ, ಗಿಡ ಅಂತ ಓದ್ಯಾಳ

ವಿಜಯಪುರ ಜಿಲ್ಲೆಯ ತಿಕೋಟಾದ ಆಚೆ ಒಂದು ಊರು, ಅಲ್ಲೊಂದು ಸರ್ಕಾರಿ ಕನ್ನಡ ಶಾಲೆ. ದ್ರಾಕ್ಷಿ ಕಟಾವಿನ ದಿನಗಳು. ಅರ್ಧ ಮಕ್ಕಳ ಅವ್ವ-ಅಪ್ಪ ತೋಟದಲ್ಲಿ, ಇನ್ನರ್ಧ ಮಕ್ಕಳ ಮನೆಯವರು ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲಿ. ಒಂದನೆಯ ಇಯತ್ತೆಯ ಹುಡುಗಿಯೊಬ್ಬಳು ಗೋಡೆಗೆ ಬೆನ್ನು ಕೊಟ್ಟು ಕೂತು ಹದಿನಾರು ಪುಟದ ಬಣ್ಣದ ಪುಸ್ತಕ ಓದುತ್ತಿದ್ದಳು. ಬೆರಳು ಅಕ್ಷರದ ಕೆಳಗೆ ಇತ್ತು.

“ಮ... ರ...” ಅಂದಳು. ಚಿತ್ರ ನೋಡಿದಳು. “ಗಿಡ.”

ಮಾಸ್ತರರು ಬಗ್ಗಿ, “ಏನ್ ಬರದೈತಿ ನೋಡವಾ ಅಲ್ಲಿ?” ಅಂದರು.

“ಮರ ರೀ ಸರ. ಅಂದ್ರ ಗಿಡ.”

ನಮ್ಮ ಸೀಮೆಯಲ್ಲಿ ಬೇವು ಗಿಡ, ಬನ್ನಿ ಗಿಡ, ಆಲವೂ ಗಿಡವೇ. ಮೂರು ಆಳು ತಬ್ಬಿದರೂ ಸಿಗದ ಹುಣಸೆಯೂ ಗಿಡ. ಆ ಹುಡುಗಿ ಅಕ್ಷರವನ್ನೂ ತಪ್ಪದೆ ಓದಿದ್ದಳು, ಚಿತ್ರವನ್ನೂ ತಪ್ಪದೆ ಓದಿದ್ದಳು. ಎರಡರ ನಡುವಿನ ಅಂತರವನ್ನು ತಾನೇ ದಾಟಿದ್ದಳು. ಈ ಅಂತರ ಎಲ್ಲಿಂದ ಬಂತು, ಬಣ್ಣದ ಕನ್ನಡ ಪುಸ್ತಕವೊಂದು ಅವಳ ಮಡಿಲಿಗೆ ಬಂದು ಬೀಳುವ ಹೊತ್ತಿಗೆ ಯಾವ ಯಾವ ಊರು ಸುತ್ತಿ ಬಂದಿತ್ತು ಎಂದು ಹುಡುಕುತ್ತಾ ಹೊರಟದ್ದು ಅಂದಿನಿಂದ.

ಚಿತ್ರವಿರುವ ಪುಸ್ತಕ ವಿಜಯಪುರಕ್ಕೆ ಹೊಸದಲ್ಲ. 1570ರಲ್ಲಿ, ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, ಇದೇ ಊರಿನಲ್ಲಿ ‘ನುಜೂಮ್ ಅಲ್ ಉಲೂಮ್’ ಎಂಬ ಹಸ್ತಪ್ರತಿ ತಯಾರಾಯಿತು. ನಕ್ಷತ್ರ, ರಾಶಿ, ದೇವತೆ, ಆನೆ, ಕುದುರೆ, ಆಯುಧ ಹೀಗೆ ನೂರಾರು ಚಿತ್ರಗಳ ಗ್ರಂಥ. ಆ ಸುಲ್ತಾನನ ಗ್ರಂಥಾಲಯದಲ್ಲಿ ಲಿಪಿಕಾರರು, ಚಿನ್ನದ ನೀರು ಬಳಿಯುವವರು, ರಟ್ಟು ಕಟ್ಟುವವರು, ಚಿತ್ರಕಾರರು ಸೇರಿ ಸುಮಾರು ಅರವತ್ತು ಮಂದಿ ಬೆಳಗಿನಿಂದ ಸಂಜೆವರೆಗೆ ಕೆಲಸ ಮಾಡುತ್ತಿದ್ದರೆಂದು ಅಂದಿನ ಚರಿತ್ರೆಕಾರ ರಫೀಉದ್ದೀನ್ ಶಿರಾಜಿ ಬರೆದಿದ್ದಾನೆ. ಇಬ್ರಾಹಿಂ ಆದಿಲ್‌ಶಾಹನ ಕಾಲದ ‘ಪೇಮ್ ನೇಮ್’ ಎಂಬ ದಖನಿ ಪ್ರೇಮಕಾವ್ಯದ ಪ್ರತಿಯಲ್ಲಿ 34 ಚಿತ್ರಗಳಿವೆ. ನಾಯಕನ ಎದೆಯ ಮೇಲೆಯೇ ನಾಯಕಿಯ ಮುಖ ಬರೆದಿದ್ದಾರೆ. ಮಕ್ಕಳಿಗೆ ತೋರಿಸಿದರೆ ಯಾರೂ ವಿವರಿಸದೆ ಅವರಿಗೆ ಅದು ಅರ್ಥವಾಗುತ್ತದೆ. ಮನಸ್ಸಿನಲ್ಲಿ ಇರುವವರನ್ನು ಎದೆಯಲ್ಲಿ ಬರೆಯಬೇಕು, ಅಷ್ಟೇ.

ಆ ‘ನುಜೂಮ್’ ಈಗ ಐರ್ಲೆಂಡಿನ ಡಬ್ಲಿನ್ನಿನಲ್ಲಿದೆ, ‘ಪೇಮ್ ನೇಮ್’ ಲಂಡನ್ನಿನಲ್ಲಿದೆ. ಇಲ್ಲಿನ ಆಸಾರ್ ಮಹಲಿನಲ್ಲಿ ಉಳಿದಿದ್ದ ಅರಮನೆಯ ಪುಸ್ತಕಗಳು 1853ರಲ್ಲಿ ಬ್ರಿಟಿಷರ ಮೂಲಕ ಲಂಡನ್ ಸೇರಿದವು. ಗೋಳಗುಮ್ಮಟ ನೋಡಲು ಬಸ್ಸು ತುಂಬಿ ಬರುವ ಶಾಲಾ ಮಕ್ಕಳಿಗೆ ಈ ಊರು ಚಿತ್ರದ ಪುಸ್ತಕದ ಊರೂ ಆಗಿತ್ತು ಎಂದು ಹೇಳುವವರು ಇಲ್ಲ. ನನಗೂ ಚಿಕ್ಕಂದಿನಲ್ಲಿ ಯಾರೂ ಹೇಳಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಕನ್ನಡದ ಅಚ್ಚಿನ ಮೊಳೆಗೆ ಈ ಊರಿನಲ್ಲಿ ಗೌರವ ತಂದವರು ಫ.ಗು. ಹಳಕಟ್ಟಿಯವರು. ಅವರು ಸಂಗ್ರಹಿಸಿದ ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸು ಅಚ್ಚು ಹಾಕದೆ ಹಿಂದಿರುಗಿಸಿತು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಎರಡು ವರ್ಷ ಕಳೆದು, 1925ರಲ್ಲಿ, ಮನೆ ಮಾರಿದ ದುಡ್ಡಿನಲ್ಲಿ ಅವರು ಇಲ್ಲೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ಅಲ್ಲಿಂದ ‘ಶಿವಾನುಭವ’ ಪತ್ರಿಕೆ ಹೊರಟಿತು, ‘ನವಕರ್ನಾಟಕ’ ವಾರಪತ್ರಿಕೆ ಹೊರಟಿತು. ಅದು ವಚನಕ್ಕೆಂದು ಹುಟ್ಟಿದ ಪ್ರೆಸ್ಸು, ಮಕ್ಕಳ ಪುಸ್ತಕಕ್ಕೆಂದಲ್ಲ. ಆದರೂ ಬೇಕಾದ ಪುಸ್ತಕವನ್ನು ನಮ್ಮೂರಿನಲ್ಲೇ ಅಚ್ಚು ಹಾಕಬಹುದು ಎಂಬ ಧೈರ್ಯ ಈ ಜಿಲ್ಲೆಯ ಬರೆಯುವವರಿಗೆ ಬಂದದ್ದು ಅಲ್ಲಿಂದಲೇ ಎಂದು ನಾನು ನಂಬಿದ್ದೇನೆ.

ಆ ಧೈರ್ಯವನ್ನು ಮಕ್ಕಳ ಕಡೆಗೆ ತಿರುಗಿಸಿದವರು ಕನ್ನಡ ಶಾಲೆಯ ಮಾಸ್ತರರು. ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಈಶ್ವರಚಂದ್ರ ಚಿಂತಾಮಣಿ, ಸಿಂದಗಿಯ ಹ.ಮ. ಪೂಜಾರ, ಹೀಗೆ ಹೆಸರು ಹೇಳುತ್ತಾ ಹೋದರೆ ಬೇರೆ ಯಾವ ಜಿಲ್ಲೆಗೂ ಈ ಸಾಲು ಸಿಗಲಿಕ್ಕಿಲ್ಲ. ಮಕ್ಕಳ ಸಾಹಿತ್ಯದ ತವರು ಎಂದು ವಿಜಯಪುರವನ್ನು ಕರೆಯುವುದು ಇವರಿಂದ. ಬೆಳಿಗ್ಗೆ ಬರೆದ ಪದ್ಯವನ್ನು ಮಧ್ಯಾಹ್ನ ತರಗತಿಯಲ್ಲಿ ಹಾಡಿಸಿ, ಮಕ್ಕಳ ನಾಲಿಗೆ ಎಡವಿದ ಕಡೆ ರಾತ್ರಿ ತಿದ್ದುವ ಅನುಕೂಲ ಮಾಸ್ತರಿಗೆ ಮಾತ್ರ ಇರುತ್ತದೆ. 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕಂಚ್ಯಾಣಿ ಶರಣಪ್ಪನವರಿಗೆ ಸಂದಾಗ ಆ ಇಡೀ ತಲೆಮಾರಿಗೇ ಸಂದಿತು ಎಂದು ಊರು ಖುಷಿಪಟ್ಟಿತು. ಸಿಂದಗಿಯಂಥ ಊರಿನಲ್ಲಿ ಹ.ಮ. ಪೂಜಾರರು ‘ವಿದ್ಯಾಚೇತನ ಪ್ರಕಾಶನ’ ಕಟ್ಟಿ ಮಕ್ಕಳ ಪುಸ್ತಕ ಹೊರತಂದದ್ದು ಸಣ್ಣ ಸಾಹಸವಲ್ಲ.

ಪದ್ಯ ಬಂತು. ಚಿತ್ರ ಬರಲಿಲ್ಲ, ಅಥವಾ ಬಂದರೂ ಹೇಗೋ ಬಂತು. ಇದಕ್ಕೆ ಕಾರಣ ಬ್ಲಾಕು.

ಮೊಳೆ ಜೋಡಿಸುವ ಕಾಲದಲ್ಲಿ ಚಿತ್ರ ಅಚ್ಚಾಗಬೇಕಾದರೆ ಅದನ್ನು ಮೊದಲು ಬ್ಲಾಕು ಮಾಡಿಸಬೇಕು. ಬರೆದ ಚಿತ್ರದ ಫೋಟೊ ತೆಗೆದು, ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಕರಗಿಸಿ, ಗೆರೆ ಮಾತ್ರ ಎದ್ದು ನಿಲ್ಲುವಂತೆ ಮಾಡಿ, ಮೊಳೆಯ ಎತ್ತರಕ್ಕೆ ಸರಿಯಾಗಿ ಕಟ್ಟಿಗೆಯ ಮೇಲೆ ಹೊಡೆಯಬೇಕು. ರೇಟು ಚದರ ಇಂಚಿನ ಲೆಕ್ಕದಲ್ಲಿ. ಸಣ್ಣ ಊರಿನ ಪ್ರೆಸ್ಸಿಗೆ ಇದು ದೊಡ್ಡ ಊರಿನಿಂದ ಆಗಿ ಬರಬೇಕು. ಸಂಬಳದಲ್ಲಿ ಉಳಿಸಿ ಪುಸ್ತಕ ತರುವ ಮಾಸ್ತರಿಗೆ ಇಪ್ಪತ್ತು ಪದ್ಯಕ್ಕೆ ಇಪ್ಪತ್ತು ಬ್ಲಾಕು ಎಂದರೆ ಪುಸ್ತಕದ ಖರ್ಚಿಗಿಂತ ಚಿತ್ರದ ಖರ್ಚೇ ಮೇಲು. ಹಾಗಾಗಿ ಪ್ರೆಸ್ಸಿನ ಕಪಾಟಿನಲ್ಲಿ ಮೊದಲೇ ಬಿದ್ದಿದ್ದ ಬ್ಲಾಕುಗಳೇ ಕೆಲಸಕ್ಕೆ ಬರುತ್ತಿದ್ದವು. ಒಂದು ಗಿಳಿ, ಒಂದು ಆನೆ, ಎರಡು ಗುಡ್ಡದ ನಡುವೆ ಹುಟ್ಟುವ ಸೂರ್ಯ. ಒಂದೇ ಗಿಳಿ ಗಿಳಿಯ ಪದ್ಯಕ್ಕೂ ಕೂರುತ್ತಿತ್ತು, ಹಕ್ಕಿಗಳ ಪದ್ಯಕ್ಕೂ ಕೂರುತ್ತಿತ್ತು, ಮದುವೆಯ ಕರೆಯೋಲೆಯ ಮೂಲೆಯಲ್ಲೂ ಕೂರುತ್ತಿತ್ತು. ಆ ಚಿತ್ರ ಪದ್ಯಕ್ಕೆ ಸೇರಿದ್ದಲ್ಲ, ಪ್ರೆಸ್ಸಿಗೆ ಸೇರಿದ್ದು. ಎದುರಿಗೆ ಬಯಲು ಬಿಟ್ಟರೆ ಬೇರೇನೂ ಕಾಣದ ಬಬಲೇಶ್ವರದ ಹುಡುಗ, ಸೂರ್ಯ ಎರಡು ಗುಡ್ಡದ ನಡುವೆ ಹುಟ್ಟುತ್ತಾನೆಂದು ಪಾಟಿಯ ಮೇಲೆ ಬರೆಯಲು ಕಲಿತದ್ದು ಹೀಗೆ.

ಬಣ್ಣ ಹೊರಗಿನಿಂದ ಬಂತು. ಮದ್ರಾಸಿನ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂದಿತು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕ್ಲಿಪ್ಪಿಗೆ ನೇತಾಡುತ್ತಿದ್ದ ಅದರ ಹೊದಿಕೆ ನೋಡುವುದಕ್ಕೇ ನಮ್ಮ ಹಿಂದಿನವರು ನಿಲ್ಲುತ್ತಿದ್ದರು. 1965ರ ಸುಮಾರಿಗೆ ಇನ್ನೊಂದು ಸಂಗತಿ ನಡೆಯಿತು, ಅದನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ. ‘ಅಮರ ಚಿತ್ರ ಕಥೆ’ಯ ಇಂಗ್ಲಿಷ್ ಮಾಲೆ ಸಂಖ್ಯೆ 11ರಿಂದ, ‘ಕೃಷ್ಣ’ ಪುಸ್ತಕದಿಂದ, ಶುರುವಾಗುತ್ತದೆ. ಮೊದಲಿನ ಹತ್ತು ಎಲ್ಲಿ? ಅವು ಕನ್ನಡದಲ್ಲಿದ್ದವು. ಬೆಂಗಳೂರಿನ ಜಿ.ಕೆ. ಅನಂತರಾಮ್ ಇಂಡಿಯಾ ಬುಕ್ ಹೌಸ್ ಮೂಲಕ ಸಿಂಡ್ರೆಲಾ ಮೊದಲಾದ ಪಡುವಣದ ಕತೆಗಳನ್ನು ಚಿತ್ರಮಾಲೆಯಾಗಿ ಮೊದಲು ಕನ್ನಡದ ಮಕ್ಕಳಿಗೇ ಕೊಟ್ಟರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಕೈಗೆ ಬಂದಮೇಲೆ ಅದು ದೇಶದ ಮಾಲೆಯಾಯಿತು. ಮುಂದೆ ‘ನವಕರ್ನಾಟಕ’ ಪ್ರಕಾಶನದ ಅಂಗಡಿಗಳಲ್ಲಿ ರಷ್ಯದ ದಪ್ಪ ಕಾಗದದ ಪುಸ್ತಕಗಳು ಬಂದವು, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಬಳಿಕ ಅವು ನಿಂತವು. ರಾಷ್ಟ್ರೋತ್ಥಾನದ ‘ಭಾರತ ಭಾರತಿ’ಯ ಪುಟ್ಟ ಪುಸ್ತಕಗಳು, ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510, ಹಳ್ಳಿ ಹಳ್ಳಿಗೆ ಹೋದವು, ಆದರೆ ಅವು ಓದು ಬಂದ ಮಕ್ಕಳಿಗೆ.

ಓದು ಬರದ ಮಗುವಿಗೆ ಚಿತ್ರದ ಪುಸ್ತಕ ಕನ್ನಡದಲ್ಲಿ ಅಗ್ಗವಾಗಿ ಸಿಗುವಂತಾದದ್ದು ಒಂದು ಮುದ್ರಣದ ಉಪಾಯದಿಂದ. ಬಣ್ಣದ ಪುಟಕ್ಕೆ ನಾಲ್ಕು ಪ್ಲೇಟು ಬೇಕು: ಹಳದಿ, ಕೆಂಪು, ನೀಲಿ, ಕಪ್ಪು. ಅಕ್ಷರವನ್ನು ಕಪ್ಪಿನಲ್ಲಿ ಮಾತ್ರ ಇಟ್ಟರೆ, ಮೊದಲ ಮೂರು ಬಣ್ಣವನ್ನು ಎಲ್ಲ ಭಾಷೆಗೂ ಒಟ್ಟಿಗೆ ಓಡಿಸಿ, ಕೊನೆಗೆ ಕಪ್ಪು ಪ್ಲೇಟು ಬದಲಿಸಿದರೆ ಸಾಕು. ಅದೇ ಹಾಳೆ ಹಿಂದಿಯೂ ಆಗುತ್ತದೆ, ಮರಾಠಿಯೂ ಆಗುತ್ತದೆ, ಕನ್ನಡವೂ ಆಗುತ್ತದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದಂಥ ಮಾಲೆಗಳು, ಮಿಕ್ಕಿ ಪಟೇಲರ ರೂಪಾ ಎಂಬ ಆನೆಯಂಥ ಪುಸ್ತಕಗಳು, ಹಲವು ಭಾಷೆಯ ಮಕ್ಕಳಿಗೆ ಎಟುಕುವ ಬೆಲೆಯಲ್ಲಿ ಸಿಕ್ಕಿದ್ದು ಇಂಥ ಲೆಕ್ಕದಿಂದ. ಚೆನ್ನೈಯ ‘ತೂಲಿಕಾ’ 1996ರಿಂದ ಹೀಗೇ ಹಲವು ಭಾಷೆಗಳಲ್ಲಿ ಪ್ರಕಟಿಸುತ್ತಿದೆ, ಕನ್ನಡವೂ ಅದರಲ್ಲಿ ಒಂದು.

ಈ ಉಪಾಯಕ್ಕೆ ತೆತ್ತ ಬೆಲೆಯೂ ಇದೆ. ಚಿತ್ರದ ನಡುವೆ ಬೇರೆ ಭಾಷೆಯ ಅಳತೆಗೆ ಬಿಟ್ಟ ಖಾಲಿ ಜಾಗದಲ್ಲಿ ಕನ್ನಡ ಕೂರಬೇಕು. ನಮ್ಮ ಪದ ಉದ್ದ. ವಿಭಕ್ತಿ ಬಾಲಕ್ಕೆ ಅಂಟಿಕೊಳ್ಳುತ್ತದೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಕೊಂಬು-ದೀರ್ಘ ಬಲಕ್ಕೆ ಚಾಚುತ್ತವೆ. ಸಾಲಿನ ನಡುವೆ ಜಾಗ ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ಮುಟ್ಟಿ, ಆರು ವರ್ಷದ ಮಗುವಿಗೆ ಅದು ಯಾವ ಅಕ್ಷರವೆಂದೇ ತಿಳಿಯುವುದಿಲ್ಲ. ಜಾಗ ಸಾಲದೆ ಅಕ್ಷರ ಸಣ್ಣದು ಮಾಡಿದ ಎಷ್ಟೋ ಪುಸ್ತಕ ನೋಡಿದ್ದೇನೆ. ದೊಡ್ಡವರ ಕಣ್ಣಿಗೆ ಅದು ಕಾಣುವುದೇ ಇಲ್ಲ. ಮಗುವಿನ ಬೆರಳಿಗೆ ಗೊತ್ತಾಗುತ್ತದೆ. ಅದು ಅಲ್ಲೇ ನಿಲ್ಲುತ್ತದೆ.

ಇತ್ತ ಶಾಲೆಯಲ್ಲಿ ಓದು ಕಲಿಸುವ ರೀತಿಯೇ ಬದಲಾಗಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ‘ನಲಿ-ಕಲಿ’ ರಾಜ್ಯಕ್ಕೆಲ್ಲ ಹಬ್ಬಿದಾಗ ಅ ಆ ಇ ಈ ಸಾಲು ಹಿಂದೆ ಸರಿದು ‘ರ ಗ ಸ ದ ಅ’ ಮುಂದೆ ಬಂತು. ಐದೇ ಅಕ್ಷರ ಬಂದರೆ ಸಾಕು, ಮಗು ಸರ, ಗರಗಸ, ಅರಸ, ದಸರ ಓದುತ್ತದೆ. ಕಾರ್ಡಿನ ಮೇಲೆ ಚಿತ್ರ, ಕೆಳಗೆ ಪದ. ಹಾಗಾದರೆ ಕಾರ್ಡು ಮುಗಿಸಿದ ಮಗುವಿಗೆ ಮುಂದೇನು? ಒತ್ತಕ್ಷರ ಕಡಿಮೆ ಇರುವ, ಪುಟಕ್ಕೆ ಒಂದೇ ಸಾಲಿನ ಪುಸ್ತಕ ಬೇಕಿತ್ತು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಪ್ರಥಮ್ ಬುಕ್ಸ್’ ತುಂಬಿದ್ದು ಆ ಜಾಗವನ್ನು. ಮಡಚುವ ಕತೆ ಕಾರ್ಡು, ಹದಿನಾರು ಪುಟದ ಪುಸ್ತಕ, ಮಟ್ಟಕ್ಕೆ ತಕ್ಕ ಪದ. 2015ರಲ್ಲಿ ಅವರು ‘ಸ್ಟೋರಿವೀವರ್’ ತೆರೆದು, ಚಿತ್ರವನ್ನೂ ಕತೆಯನ್ನೂ ಯಾರು ಬೇಕಾದರೂ ಇಳಿಸಿಕೊಂಡು, ತಮ್ಮ ಮಾತಿಗೆ ತಂದು, ಅಚ್ಚು ಹಾಕಿಕೊಳ್ಳಬಹುದೆಂದು ಬಿಟ್ಟುಕೊಟ್ಟರು. ಇದನ್ನು ನಮ್ಮ ಕಡೆಯ ಮಾಸ್ತರರು ಇನ್ನೂ ಪೂರ್ತಿ ಬಳಸಿಲ್ಲ. ‘ಮರ’ ಇದ್ದಲ್ಲಿ ‘ಗಿಡ’, ‘ಅಮ್ಮ’ ಇದ್ದಲ್ಲಿ ‘ಅವ್ವ’, ‘ಚಿಕ್ಕಪ್ಪ’ ಇದ್ದಲ್ಲಿ ‘ಕಾಕಾ’ ಎಂದು ಹಾಕಿ ಒಂದು ವಿಜಯಪುರದ ಪ್ರತಿ ಮಾಡಲು ಈಗ ಯಾರ ಪರವಾನಗಿಯೂ ಬೇಕಿಲ್ಲ.

ನಾನು ಕಲಿತ ಶಾಲೆಯಲ್ಲಿ ಪುಸ್ತಕಗಳು ಟ್ರಂಕಿನಲ್ಲಿದ್ದವು, ಟ್ರಂಕಿಗೆ ಕೀಲಿ ಇತ್ತು. ಕಳೆದರೆ ಲೆಕ್ಕ ಯಾರು ಕೊಡಬೇಕು ಎಂಬ ಭಯ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿದಾಗ ಹೊದಿಕೆ ನೋಡುತ್ತಿದ್ದೆವು. ಆ ಕೀಲಿ ತೆಗೆದದ್ದರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಪಾಲು ದೊಡ್ಡದು. ಕೋವಿಡ್ಡಿನಲ್ಲಿ ಶಾಲೆ ಮುಚ್ಚಿದ್ದಾಗ, 2020ರ ಮಕ್ಕಳ ದಿನಾಚರಣೆಗೆ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿತು. ಈಗ ಆ ಗ್ರಂಥಾಲಯಗಳ ‘ಅರಿವು ಕೇಂದ್ರ’ ಎಂಬ ಫಲಕದ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋದರೆ, ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡೇ ಪುಟ ತಿರುವುವ ಹುಡುಗಿಯರು ಕಾಣುತ್ತಾರೆ.

ಆದರೆ ಆ ಪುಟಗಳಲ್ಲಿ ಮನೆ ಎಂದರೆ ಇಳಿಜಾರು ಕೆಂಪು ಹೆಂಚಿನದು. ನಮ್ಮ ಹಳ್ಳಿಗಳ ಹಳೆಯ ಮನೆ ಮೇಲ್ಮುದ್ದೆಯ ಮಾಳಿಗೆಯದು; ಮೇಲೆ ಹಪ್ಪಳ ಒಣಗುತ್ತದೆ, ಬೇಸಿಗೆಯ ರಾತ್ರಿ ಇಡೀ ಮನೆ ಅಲ್ಲೇ ಮಲಗುತ್ತದೆ. ಪುಟದಲ್ಲಿ ಹೊಲ ಎಂದರೆ ಹಸಿರು ಗದ್ದೆ. ಇಲ್ಲಿ ಎರೆಹೊಲ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆಗೆ ಚಪ್ಪಲಿ ಕಿತ್ತುಕೊಳ್ಳುವ ಅಂಟು. ತಟ್ಟೆಯಲ್ಲಿ ಅನ್ನ ಇರುತ್ತದೆ, ರೊಟ್ಟಿ ಇರುವುದಿಲ್ಲ. ಎಳೆ ಜೋಳದ ಸೀತನಿ ಸುಡುವ ಹೊಗೆಯ ಬಣ್ಣ ಯಾವ ಚಿತ್ರಕಾರನೂ ನಮ್ಮ ಮಗುವಿಗೆ ಬರೆದುಕೊಟ್ಟದ್ದನ್ನು ನಾನು ಕಂಡಿಲ್ಲ. ಮಾಸ್ತರರ ಪದ್ಯಗಳಲ್ಲಿ ಇದೆಲ್ಲ ಇದೆ. ಪದ್ಯ ಇಲ್ಲಿ ಉಳಿಯಿತು, ಚಿತ್ರ ಅಲ್ಲಿ ಉಳಿಯಿತು. ಎರಡೂ ಒಂದೇ ಹಾಳೆಯ ಮೇಲೆ ಕೂಡಬೇಕೆಂಬುದು ನನ್ನ ಆಸೆ.

ಆ ಆಸೆ ಇಟ್ಟುಕೊಂಡೇ ಒಂದು ಶನಿವಾರ ಬಬಲೇಶ್ವರದ ಕಡೆಯ ಒಂದು ಶಾಲೆಗೆ ದೊಡ್ಡ ಬಿಳಿ ಹಾಳೆ ತೆಗೆದುಕೊಂಡು ಹೋಗಿದ್ದೆ. ಒಂದು ಹಾಳೆಯನ್ನು ಮೂರು ಸಲ ಮಡಚಿ ಕತ್ತರಿಸಿದರೆ ಎಂಟು ಎಲೆ, ಹದಿನಾರು ಪುಟ. ಪ್ರೆಸ್ಸಿನವರು ಇದಕ್ಕೆ ಒಂದು ಫಾರಂ ಅನ್ನುತ್ತಾರೆ. ಮಕ್ಕಳ ಪುಸ್ತಕ ಹದಿನಾರು ಪುಟ ಇರುವುದು ಇದರಿಂದಲೇ. ಮಡಚುವ ಮೊದಲು ಯಾವ ಪುಟ ಎಲ್ಲಿ, ಯಾವುದು ತಲೆಕೆಳಗೆ ಎಂದು ಹೇಳುವಷ್ಟರಲ್ಲಿ ಮಕ್ಕಳು ಬಳಪ ಹಿಡಿದು ಶುರುಮಾಡಿಬಿಟ್ಟಿದ್ದರು. ಕುರಿ, ಚಕ್ಕಡಿ, ಮಾಳಿಗೆಯ ಮೇಲೆ ಅಜ್ಜಿ, ದ್ರಾಕ್ಷಿ ಗೊನೆ, ಗೋಳಗುಮ್ಮಟ. ಬರೆದು ಮುಗಿಸಿ ಮಡಚಿದೆವು, ಮಾಸ್ತರರು ಸೂಜಿದಾರದಿಂದ ಹೊಲಿದರು, ಅಂಚು ಕತ್ತರಿಸಿದೆವು.

ಅರ್ಧ ಪುಟಗಳು ಉಲ್ಟಾ ಆಗಿದ್ದವು. ಹನ್ನೊಂದನೆಯ ಪುಟದಲ್ಲಿ ಬೇವಿನ ಗಿಡ ಬೇರು ಮೇಲೆ ಮಾಡಿ ನಿಂತಿತ್ತು. ಅದನ್ನು ಬರೆದ ಹುಡುಗ ಪುಸ್ತಕ ತಿರುಗಿಸಿ ಹಿಡಿದು, ತನ್ನ ಗಿಡ ನೋಡಿ, ಮತ್ತೆ ನೆಟ್ಟಗೆ ಹಿಡಿದು ಮುಂದಿನ ಪುಟಕ್ಕೆ ಹೋದ. “ಸರ, ಇನ್ನೊಂದ ಹಾಳಿ ಐತೇನ್ರಿ?” ಅಂದ.