ಪತ್ತೇದಾರನಿಗೆ ಪ್ರೇಮ ಸಲ್ಲುವುದೇ?

ಪತ್ತೇದಾರಿ ಕಥೆಗೂ ಪ್ರೇಮಕ್ಕೂ ಹಳೆಯ ಮನಸ್ತಾಪ. ಅಮೆರಿಕದ ಕಾದಂಬರಿಕಾರ ವ್ಯಾನ್ ಡೈನ್ 1928ರಲ್ಲಿ ಈ ಪ್ರಕಾರಕ್ಕೆ ಇಪ್ಪತ್ತು ಕಟ್ಟಳೆಗಳನ್ನು ವಿಧಿಸಿದಾಗ ಪ್ರೇಮಪ್ರಸಂಗಕ್ಕೂ ಬಹಿಷ್ಕಾರ ಹಾಕಿದ. ಬುದ್ಧಿಯ ಪಂದ್ಯದಲ್ಲಿ ಹೃದಯವು ಅಡ್ಡ ಬರಬಾರದೆಂಬುದು ಅವನ ನಿಲುವು. ಕೇಳಲು ಇದು ಸರಿಯಾಗಿಯೇ ಇದೆ. ಅನುರಾಗದ ಕಣ್ಣಿಗೆ ಸುಳಿವುಗಳು ನೆಟ್ಟಗೆ ಕಾಣುವುದುಂಟೆ?

ಆದರೆ ಕಟ್ಟಳೆ ಹುಟ್ಟುವ ಮೊದಲೇ ಅದನ್ನು ಮುರಿದವರಿದ್ದರು. ಇಂಗ್ಲೆಂಡಿನ ಬೆಂಟ್ಲಿ 1913ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕ ಟ್ರೆಂಟ್ ವೃತ್ತಿಯಿಂದ ಚಿತ್ರಕಾರ. ಪತ್ತೇದಾರಿಕೆ ಅವನ ಹವ್ಯಾಸ. ಧನಿಕನೊಬ್ಬನ ಸಾವಿನ ರಹಸ್ಯವನ್ನು ಬಿಡಿಸಲು ಹೋದವನು ಸತ್ತವನ ವಿಧವೆಗೇ ಮನಸೋಲುತ್ತಾನೆ. ಕೊಲೆಗಾರ ಯಾರೆಂದು ತರ್ಕದಿಂದ ನಿರ್ಣಯಿಸಿ ಬರೆದಿಟ್ಟ ವರದಿಯನ್ನು ಪತ್ರಿಕೆಗೆ ಕಳುಹಿಸದೆ ಆಕೆಯ ಕೈಗಿತ್ತು ದೂರ ಸರಿಯುತ್ತಾನೆ. ಸೋಜಿಗವೆಂದರೆ, ಆ ನಿರ್ಣಯವೇ ತಪ್ಪಾಗಿತ್ತು! ಅದು ಅಚ್ಚಾಗಿದ್ದರೆ ನಿರಪರಾಧಿಯೊಬ್ಬನ ಕೊರಳಿಗೆ ಉರುಳು ಬೀಳಬಹುದಾಗಿತ್ತು. ತರ್ಕವು ಎಡವಿದೆಡೆಯಲ್ಲಿ ಪ್ರೇಮದ ಮೌನವೇ ಒಂದು ಜೀವವನ್ನು ಕಾಯಿತು.

ಡೊರೊಥಿ ಸೇಯರ್ಸ್ 1930ರಲ್ಲಿ ಇನ್ನೂ ಮುಂದೆ ಹೋದರು. ಅವರ ನಾಯಕ ಪೀಟರ್ ವಿಮ್ಸಿ ಒಲಿಯುವುದು ಕಟಕಟೆಯಲ್ಲಿ ನಿಂತ ಹೆಣ್ಣಿಗೆ. ಹಳೆಯ ಪ್ರಿಯಕರನಿಗೆ ಪಾಷಾಣವಿಕ್ಕಿದಳೆಂಬುದು ಅವಳ ಮೇಲಿನ ಆರೋಪ. ಜ್ಯೂರಿಯವರಲ್ಲಿ ಒಮ್ಮತ ಬಾರದೆ ವಿಚಾರಣೆ ಮುಂದೆ ಹೋದ ಅಲ್ಪಾವಧಿಯಲ್ಲಿ ಅವನು ಸತ್ಯವನ್ನು ಹೊರಗೆಳೆಯಬೇಕು. ಅವಳು ಬಿಡುಗಡೆ ಹೊಂದುತ್ತಾಳೆ. ಮದುವೆಗೆ ಮಾತ್ರ ಒಪ್ಪುವುದಿಲ್ಲ. ಪ್ರಾಣ ಉಳಿಸಿದವನಿಗೆ ಸಲ್ಲುವ ಕೃತಜ್ಞತೆಯನ್ನು ಒಲವೆಂದು ಭ್ರಮಿಸಲು ಅವಳಿಗೆ ಮನಸ್ಸಿಲ್ಲ. ಈ ತೊಡಕು ಬಿಡಿಸಿಕೊಂಡು ಅವಳು ಒಪ್ಪುವುದು 1935ರ ಕಾದಂಬರಿಯಲ್ಲಿ. ಕೊಲೆಯ ಗಂಟಿಗಿಂತ ಈ ಗಂಟೇ ಬಿಗಿ ಎಂದು ನನಗೆ ತೋರುತ್ತದೆ.

ಇನ್ನು ನಮ್ಮ ಊರಿಗೆ ಬರೋಣ. ಕನ್ನಡದಲ್ಲಿ ಎನ್. ನರಸಿಂಹಯ್ಯನವರು 1952ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ತಂದು ಮನೆಮಾತಾಗಿಸಿದರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಆ ಲೇಖಕರ ಪುಸ್ತಕಗಳಿಂದ ಓದಿನ ರುಚಿ ಹತ್ತಿಸಿಕೊಂಡವರು ಅಸಂಖ್ಯರು. ಅಟ್ಟದ ಮೇಲೆ ಅಡಗಿಸಿಟ್ಟು ಓದಿದವರು ಅದನ್ನು ಈಗಲಾದರೂ ಒಪ್ಪಿಕೊಳ್ಳಬಹುದು.

ಹಳೆಯ ಬೆಂಗಳೂರಿನ ನವದಂಪತಿಗಳು ಪತ್ತೇದಾರಿಕೆಗೆ ಇಳಿದದ್ದು ಇಂಗ್ಲಿಷಿನಲ್ಲಿ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರರು 2022ರಲ್ಲಿ ಪ್ರಕಟಿಸಿದ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' 1921ರ ಕಥೆ. ಕಾವೇರಿ ಗಣಿತಪ್ರಿಯೆ, ಗಂಡ ರಾಮು ಬೌರಿಂಗ್ ಆಸ್ಪತ್ರೆಯ ವೈದ್ಯ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಅಲ್ಲೊಂದು ಕೊಲೆ. ಅನುಮಾನ ದಿಕ್ಕಿಲ್ಲದ ಹೆಣ್ಣೊಬ್ಬಳತ್ತ ಸುಳಿಯುತ್ತಲೇ ಕಾವೇರಿ ಸುಮ್ಮನಿರಲಾರಳು.

ಆ ಕಾಲದ ಬೆಂಗಳೂರನ್ನು ನೆನೆದರೆ ಅವಳ ಕಷ್ಟ ಅರ್ಥವಾಗುತ್ತದೆ. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ತಲೆಯೆತ್ತಿದ್ದವು. ನೇರ ಬೀದಿಗಳ ಈ ಬಡಾವಣೆಗಳಲ್ಲಿ ಹೊಸ ಸೊಸೆ ಹೊಸ್ತಿಲು ದಾಟಿದರೆ ಹತ್ತು ಮನೆಯ ಜಗಲಿಗೆ ಸುದ್ದಿ. ಊರೂ ಒಂದಲ್ಲ: ಪೇಟೆಯ ಕಡೆ ಮೈಸೂರು ಅರಸರ ಆಡಳಿತ, ದಂಡಿನ ಕಡೆ ಬ್ರಿಟಿಷರದು. ಇಂಥಲ್ಲಿ ಹೆಣ್ಣೊಬ್ಬಳು ತಾನೇ ಹೋಗಿ ಸಾಕ್ಷಿಗಳನ್ನು ವಿಚಾರಿಸುವುದೆಂದರೇನು!

ಇಲ್ಲಿಯೇ ಪ್ರೇಮವು ಕಥೆಯ ಅಲಂಕಾರವಾಗದೆ ಕೀಲಾಗುತ್ತದೆ. ನಮ್ಮಲ್ಲಿ ಒಲವು ಬಹುಮಟ್ಟಿಗೆ ಹಸೆಮಣೆಯಿಂದ ಇಳಿದ ಮೇಲೆಯೇ ಮೊದಲಾಗುತ್ತಿದ್ದುದು. ಗಂಡನ ಸ್ವಭಾವವನ್ನೇ ಇನ್ನೂ ಬಲ್ಲದವಳು ಅವನೊಡನೆ ಕೊಲೆಯ ಮಾತೆತ್ತಬೇಕು. ಅವನು ಬೇಡವೆಂದರೆ ಪತ್ತೇದಾರಿಕೆ ಅಲ್ಲಿಗೇ ಮುಗಿಯಿತು. ಆಪಾದಿತೆಯ ಗತಿಯೂ ಅಷ್ಟೇ. ಹೀಗಾಗಿ ಓದುಗನು ಸುಳಿವುಗಳನ್ನು ಎಣಿಸುತ್ತಲೇ ರಾಮುವಿನ ಮುಖವನ್ನೂ ಗಮನಿಸುತ್ತಿರುತ್ತಾನೆ: ಈತ ಹೆಂಡತಿಯ ಬುದ್ಧಿಗೆ ಬೆದರುವವನೋ, ಮೆಚ್ಚುವವನೋ? ಅವನು ಮೆಚ್ಚುತ್ತಾನೆ, ಜೊತೆಗೂಡುತ್ತಾನೆ. ಆ ಜೋಡಿಯ ಕಥೆಗಳು 2023ರಲ್ಲಿ, 2024ರಲ್ಲಿ ಮತ್ತೆ ಮುಂದುವರಿದವು.